ಹಸುವಿನ ಬೆದೆಯೂ ನಾಯಿಯ ಮೂಗೂ

ಹೈನುಗಾರಿಕೆಯಲ್ಲಿ ರೈತನಿಗೆ ಒದಗುವ ನಷ್ಟಗಳಲ್ಲಿ ಕೆಲವು ಕಣ್ಣಿಗೆ ಕಾಣತಕ್ಕವು, ಕೆಲವು ಕಾಣದೆ ಇರತಕ್ಕವು. ಹಸುವು ರೋಗದಿಂದ ಸತ್ತರೆ ಊರಿಗೆಲ್ಲ ತಿಳಿಯುವುದು. ಹಾಲು ಕೆಟ್ಟು ಸಂಘದಿಂದ ಹಿಂದಕ್ಕೆ ಬಂದರೆ ಅಂದೇ ಲೆಕ್ಕಕ್ಕೆ ಸಿಕ್ಕುವುದು. ಆದರೆ ಕೊಟ್ಟಿಗೆಯಲ್ಲಿ ಕಟ್ಟಿದ ಹಸುವು ಒಂದು ರಾತ್ರಿ ಬೆದೆಗೆ ಬಂದು, ಮನೆಯವರಾರೂ ಅದನ್ನು ಅರಿಯದೆ, ಬೆಳಗಾಗುವಷ್ಟರಲ್ಲಿ ಅದು ಇಳಿದುಹೋದರೆ, ಆ ನಷ್ಟವನ್ನು ಬರೆದಿಡುವ ಪುಸ್ತಕವು ಯಾವ ಮನೆಯಲ್ಲಿಯೂ ಇಲ್ಲ. ಮತ್ತೆ ಇಪ್ಪತ್ತೊಂದು ದಿನ ಕಾಯಬೇಕು. ಆ ಸಲವೂ ತಪ್ಪಿದರೆ ಇನ್ನೂ ಇಪ್ಪತ್ತೊಂದು ದಿನ. ಹೀಗೆ ಮೂರು ಬೆದೆಗಳು ತಪ್ಪಿದರೆ ೬೩ ದಿನಗಳು ಹೋದವು. ಹಸುವಿನ ಮೇವು, ಬೂಸ, ಹಿಂಡಿಗಳಿಗೆ ದಿನಕ್ಕೆ ನೂರು ರೂಪಾಯಿ ತಗಲುವುದೆಂದು ಎಣಿಸಿದರೂ, ೬,೩೦೦ ರೂಪಾಯಿಗಳನ್ನು ಆ ಕುಟುಂಬವು ಫಲವಿಲ್ಲದೆ ಕಳೆದುಕೊಂಡಂತಾಯಿತು. ಮುಂದಿನ ಸೂಲಿನ ಹಾಲು ಎರಡು ತಿಂಗಳು ತಡವಾಗುವ ನಷ್ಟವು ಇದರ ಮೇಲೆ ಬೇರೆ.

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳಲ್ಲಿ ಈ ನಷ್ಟವು ಹೆಚ್ಚಿನ ಮಾತಾಗಿದೆ. ಇಲ್ಲಿಯ ಬೇಸಾಯವು ಬಹುಮಟ್ಟಿಗೆ ಮಳೆಯನ್ನೇ ನಂಬಿದುದು. ಜೋಳ, ರಾಗಿ, ಹುರುಳಿ, ಸೂರ್ಯಕಾಂತಿಗಳನ್ನು ಬಿತ್ತಿದವನು ಮುಂಗಾರು ಕೈಕೊಟ್ಟ ವರ್ಷದಲ್ಲಿ ಸಂಸಾರವನ್ನು ಸಾಗಿಸುವುದು ಹಾಲಿನ ಡೇರಿಯಿಂದ ಬರುವ ಹಣದಿಂದ. ಕುದೇರಿನಲ್ಲಿರುವ ಜಿಲ್ಲಾ ಹಾಲು ಒಕ್ಕೂಟಕ್ಕೆ ಹಳ್ಳಿಹಳ್ಳಿಯ ಸಂಘಗಳಿಂದ ಹಾಲು ಹೋಗುತ್ತಿದ್ದು, ಆ ಹಾಲನ್ನು ತರುವವರಲ್ಲಿ ಅನೇಕರು ಒಂದೆರಡು ಹಸುಗಳಿಗಿಂತ ಹೆಚ್ಚು ಕಟ್ಟಿದವರಲ್ಲ. ಒಂದೇ ಹಸುವುಳ್ಳವನ ಮನೆಯಲ್ಲಿ ಅದು ಗೊಡ್ಡು ನಿಂತರೆ ವರಮಾನದ ಬಾಗಿಲೇ ಮುಚ್ಚಿದಂತೆ. ಎಷ್ಟೋ ವೇಳೆ ಆ ಹಸುವಿನಲ್ಲಿ ದೋಷವೇನೂ ಇರುವುದಿಲ್ಲ. ಅದು ಕ್ರಮವಾಗಿ ಬೆದೆಗೆ ಬರುತ್ತಲೇ ಇದ್ದು, ನೋಡುವ ಕಣ್ಣು ಮಾತ್ರ ಇಲ್ಲದಿರುವುದು. ಇಂಥ ಹಸುವನ್ನು ಗೊಡ್ಡೆಂದು ತಿಳಿದು ಸಂತೆಗೆ ಹೊಡೆದುಕೊಂಡು ಹೋಗಿ, ಬಂದ ಬೆಲೆಗೆ ಮಾರಿಬಂದವರು ಎಲ್ಲ ಹಳ್ಳಿಗಳಲ್ಲಿಯೂ ಇದ್ದಾರೆ.

ಈ ಕೊರತೆಯನ್ನು ನೀಗಿಸುವುದಕ್ಕೆ ನಾಯಿಯ ಮೂಗನ್ನು ಉಪಯೋಗಿಸಬಹುದೆಂಬ ಒಂದು ವಿಚಾರವು ವಿಜ್ಞಾನಿಗಳಲ್ಲಿ ಬಹುಕಾಲದಿಂದ ಇದೆ. ಕೇಳಿದವರು ನಗಬಹುದು. ಆದರೂ ನಗುವುದಕ್ಕೆ ಮೊದಲು ವಿಷಯವನ್ನು ತೂಗಿ ನೋಡುವುದು ಯುಕ್ತವಾಗಿದೆ.

ಬೆದೆಯ ಲಕ್ಷಣವೂ ಕಾಲವೂ

ಹಸುವು ಸಾಧಾರಣವಾಗಿ ೨೧ ದಿನಗಳಿಗೊಮ್ಮೆ ಬೆದೆಗೆ ಬರುವುದು. ೧೮ ರಿಂದ ೨೪ ದಿನಗಳವರೆಗೆ ಹೆಚ್ಚು ಕಡಿಮೆಯಾಗುವುದುಂಟು. ಬೆದೆಯು ಇರುವ ಕಾಲ ಸೀಮೆಹಸು ಮತ್ತು ಮಿಶ್ರತಳಿಗಳಲ್ಲಿ ಸುಮಾರು ೧೨ ರಿಂದ ೧೮ ಗಂಟೆಗಳು. ನಾಡಹಸುಗಳಲ್ಲಿ ಇದಕ್ಕಿಂತಲೂ ಕಡಿಮೆ. ಬೆದೆಯು ಇಳಿದ ಹತ್ತು ಹನ್ನೆರಡು ಗಂಟೆಗಳ ತರುವಾಯ ಅಂಡವು ಬಿಡುಗಡೆಯಾಗುವುದರಿಂದ, ಬೆಳಿಗ್ಗೆ ಬೆದೆಯನ್ನು ಕಂಡರೆ ಆ ಸಂಜೆಯೂ, ಸಂಜೆ ಕಂಡರೆ ಮರುದಿನ ಬೆಳಿಗ್ಗೆಯೂ ಗರ್ಭಧಾರಣೆ ಮಾಡಿಸತಕ್ಕದ್ದೆಂಬ ನಿಯಮವು ಏರ್ಪಟ್ಟಿದೆ. ಅಮೆರಿಕದ ನೆಬ್ರಾಸ್ಕದಲ್ಲಿ ಟ್ರಿಂಬರ್ಗರ್ ಎಂಬವರು ೧೯೪೮ ರಲ್ಲಿ ಪ್ರಕಟಿಸಿದ ಪರಿಶೋಧನೆಯು ಈ ನಿಯಮಕ್ಕೆ ಆಧಾರವಾದುದು.

ಬೆದೆಗೆ ಬಂದ ಹಸುವು ಕೂಗುವುದು, ಮೇವು ಬಿಡುವುದು, ಪದೇಪದೇ ಗಂಜಲ ಹೊಯ್ಯುವುದು, ಹಾಲನ್ನು ಕಡಿಮೆ ಮಾಡುವುದು. ಯೋನಿಯು ಊದಿಕೊಂಡು, ಕೋಳಿಮೊಟ್ಟೆಯ ಬಿಳಿಯಂತೆ ತಿಳಿಯಾದ ಲೋಳೆಯು ದಾರವಾಗಿ ಇಳಿಯುವುದು. ಇವೆಲ್ಲಕ್ಕಿಂತಲೂ ನಿಶ್ಚಿತವಾದ ಗುರುತು, ಮತ್ತೊಂದು ದನವು ಮೇಲೆ ಹಾರಿದಾಗ ಕದಲದೆ ನಿಲ್ಲುವುದು. ಆದರೆ ಒಂಟಿಯಾಗಿ ಗೂಟಕ್ಕೆ ಕಟ್ಟಿದ ಹಸುವಿನ ಮೇಲೆ ಹಾರುವುದಕ್ಕೆ ಮತ್ತೊಂದು ದನವೆಲ್ಲಿದೆ? ಮುಖ್ಯವಾದ ಗುರುತೇ ಅಲ್ಲಿ ಅಡಗಿಹೋಗುವುದು. ಇದಲ್ಲದೆ ಅನೇಕ ಹಸುಗಳಲ್ಲಿ ಬೆದೆಯು ರಾತ್ರಿಯ ಹೊತ್ತು ಅಥವಾ ಬೆಳಗಿನ ಜಾವದಲ್ಲಿ ಜೋರಾಗಿರುವುದು. ಬಂಡೀಪುರದ ಕಾಡಂಚಿನ ಹಂಗಳ ಮೊದಲಾದ ಕಡೆಗಳಲ್ಲಿ ಹುಲಿ, ಚಿರತೆ, ಆನೆಗಳ ಭಯದಿಂದ ಹೊತ್ತು ಮುಳುಗುತ್ತಲೇ ದನಗಳನ್ನು ಒಳಗೆ ಕಟ್ಟಿ ಕದ ಹಾಕುವರು. ನಡುರಾತ್ರಿಯಲ್ಲಿ ಲಾಟೀನು ಹಿಡಿದು ಕೊಟ್ಟಿಗೆಗೆ ಹೋಗಿ ಬಾಲವೆತ್ತಿ ನೋಡಬೇಕೆಂದು ಆ ಜನಕ್ಕೆ ಬುದ್ಧಿ ಹೇಳುವುದು ಸುಲಭ, ನಡೆಸುವುದು ಕಷ್ಟ. ಎಮ್ಮೆಗಳಲ್ಲಂತೂ ಬೆದೆಯು ಮೂಕವಾಗಿಯೇ ಬಂದು ಮೂಕವಾಗಿಯೇ ಹೋಗುವುದು ಹೆಚ್ಚು.

ಊರ ಹೋರಿಯು ಹೋದ ಮೇಲೆ

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಊರಿಗೊಂದು ದೇವರ ಬಸವ, ಇಲ್ಲವೆ ಹಳ್ಳಿಕಾರ್ ತಳಿಯ ಬಿತ್ತನೆಯ ಹೋರಿ ಇರುತ್ತಿದ್ದಿತು. ಹಿಂಡು ಮೇಯುವಾಗ ಹೋರಿಯು ಒಂದೊಂದು ಹಸುವಿನ ಗಂಜಲವನ್ನು ಮೂಸಿ, ಮೂತಿಯನ್ನು ಮೇಲಕ್ಕೆತ್ತಿ, ಮೇಲ್ದುಟಿಯನ್ನು ಮಡಿಸಿ ನಿಲ್ಲುವುದನ್ನು ದನಗಾಹಿಗಳೆಲ್ಲರೂ ಕಂಡಿದ್ದಾರೆ. ಅದು ಬರಿಯ ಚೇಷ್ಟೆಯಲ್ಲ. ಬಾಯಿಯ ಮೇಲ್ಭಾಗದಲ್ಲಿರುವ ಒಂದು ಸೂಕ್ಷ್ಮವಾದ ಇಂದ್ರಿಯಕ್ಕೆ ವಾಸನೆಯನ್ನು ಏರಿಸಿ, ಹಸುವು ಯಾವ ಸ್ಥಿತಿಯಲ್ಲಿರುವುದೆಂಬುದನ್ನು ಹೋರಿಯು ಪರೀಕ್ಷಿಸುವ ಕ್ರಮವದು. ಹೀಗೆ ಬೆದೆಯನ್ನು ಕಂಡುಹಿಡಿಯುವ ಕೆಲಸವನ್ನು ಆಗ್ಗೆ ಮನುಷ್ಯನು ಮಾಡುತ್ತಿರಲಿಲ್ಲ. ಹೋರಿಯ ಮೂಗು ಮಾಡುತ್ತಿದ್ದಿತು.

ಕೃತಕ ಗರ್ಭಧಾರಣೆಯು ಬಂದಮೇಲೆ ಈ ಏರ್ಪಾಡು ಬದಲಾಯಿತು. ಭರತಖಂಡದಲ್ಲಿ ಈ ವಿಧಾನವು ಮೊದಲು ನಡೆದುದು ಈ ತಾಲ್ಲೂಕುಗಳಿಗೆ ಹತ್ತಿರದ ಮೈಸೂರಿನಲ್ಲಿಯೇ ಎಂಬುದು ನೆನೆಯತಕ್ಕ ವಿಷಯವು. ೧೯೩೯ ರಲ್ಲಿ ಅರಮನೆಯ ಡೇರಿ ಫಾರಂನಲ್ಲಿ ಡಾಕ್ಟರ್ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯದಿಂದ ಗರ್ಭಧಾರಣೆ ಮಾಡಿಸಿದರು. ೧೯೪೨ ರಲ್ಲಿ ಇಜ್ಜತ್‌ನಗರದಲ್ಲಿ ಇದರ ಕೇಂದ್ರವು ಸ್ಥಾಪಿತವಾಯಿತು. ಈಗ ಹೆಪ್ಪುಗಟ್ಟಿಸಿದ ವೀರ್ಯವು ದ್ರವಸಾರಜನಕದ ಪಾತ್ರೆಯಲ್ಲಿ ಹಳ್ಳಿಯ ಬಾಗಿಲಿಗೇ ಬರುವುದು. ಇದರಿಂದ ಹಾಲು ಹೆಚ್ಚಿತು, ತಳಿ ಉತ್ತಮವಾಯಿತು, ಜನನೇಂದ್ರಿಯಗಳ ಅಂಟುರೋಗಗಳು ಹರಡುವುದು ಕಡಿಮೆಯಾಯಿತು. ಇದೆಲ್ಲವೂ ನಿಜವೇ. ಆದರೆ ಹೋರಿಯು ಊರಿನಿಂದ ಹೋದಾಗ ಅದರ ಮೂಗೂ ಹೋಯಿತೆಂಬುದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ವೀರ್ಯವನ್ನು ತಂದುಕೊಡುವ ಏರ್ಪಾಡು ಆಯಿತೇ ಹೊರತು, ವಾಸನೆ ಹಿಡಿಯುವ ಕೆಲಸವನ್ನು ಯಾರು ವಹಿಸತಕ್ಕದ್ದೆಂಬುದಕ್ಕೆ ಏರ್ಪಾಡು ಆಗಲಿಲ್ಲ. ಎಷ್ಟು ಹಸುಗಳಿಗೆ ಗರ್ಭಧಾರಣೆ ಮಾಡಿಸಲಾಯಿತೆಂಬ ಲೆಕ್ಕವನ್ನು ಇಡುವಷ್ಟು ಶ್ರದ್ಧೆಯಿಂದ, ಎಷ್ಟು ಬೆದೆಗಳು ಯಾರ ಕಣ್ಣಿಗೂ ಬೀಳದೆ ಕಳೆದುಹೋದುವೆಂಬ ಲೆಕ್ಕವನ್ನು ಎಲ್ಲಿಯೂ ಇಡುತ್ತಿಲ್ಲ. ಕಳೆದುಹೋದ ಮೂಗಿನ ಬದಲಿಗೆ ಮತ್ತೊಂದು ಮೂಗನ್ನು ತರಬಹುದೇ ಎಂಬುದೇ ಈ ನಾಯಿಯ ವಿಚಾರದ ಸಾರವು.

ನಾಯಿಗಳಿಂದ ನಡೆಸಿದ ಪ್ರಯೋಗಗಳು

ಅಮೆರಿಕ ದೇಶದ ವ್ಯವಸಾಯ ಇಲಾಖೆಯ ಬೆಲ್ಟ್ಸ್‌ವಿಲ್ ಸಂಶೋಧನ ಕ್ಷೇತ್ರದಲ್ಲಿ ಕಿಡ್ಡಿ ಎಂಬ ವಿಜ್ಞಾನಿಯು ತನ್ನ ಸಂಗಡಿಗರೊಂದಿಗೆ ನಡೆಸಿದ ಪ್ರಯೋಗವು ೧೯೭೮ ರಲ್ಲಿ ಪ್ರಕಟವಾಯಿತು. ಬೆದೆಯಲ್ಲಿರುವ ಹಸುಗಳ ಮತ್ತು ಬೆದೆಯಲ್ಲಿಲ್ಲದ ಹಸುಗಳ ಜನನಮಾರ್ಗದ ದ್ರವವನ್ನೂ ಗಂಜಲವನ್ನೂ ಬೇರೆಬೇರೆಯಾಗಿ ಶೇಖರಿಸಿ ನಾಯಿಗಳ ಮುಂದಿಟ್ಟು, ಬೆದೆಯ ವಾಸನೆಯನ್ನು ಗುರುತಿಸಿದಾಗ ಮಾತ್ರ ಬಹುಮಾನವನ್ನು ಕೊಟ್ಟು ಅವುಗಳನ್ನು ಪಳಗಿಸಿದರು. ಪಳಗಿದ ನಾಯಿಗಳು ಎರಡು ಬಗೆಯ ಮಾದರಿಗಳನ್ನೂ ಬೇರ್ಪಡಿಸಿ ತೋರಿಸಿದವು. ೧೯೮೪ ರಲ್ಲಿ ಅದೇ ಕ್ಷೇತ್ರದ ಹಾಕ್ ಮತ್ತು ಸಂಗಡಿಗರು ಮತ್ತೊಂದು ಹೆಜ್ಜೆ ಮುಂದೆ ಹೋಗಿ, ಹಸುವಿನ ಹಾಲಿನಲ್ಲಿಯೂ ಬೆದೆಗೆ ಸಂಬಂಧಪಟ್ಟ ವಾಸನೆಯಿರುವುದೆಂದೂ ಅದನ್ನು ಪಳಗಿದ ನಾಯಿಯು ಹಿಡಿಯಬಲ್ಲುದೆಂದೂ ತೋರಿಸಿದರು. ೨೦೧೧ ರಲ್ಲಿ ಬರ್ಲಿನ್ ನಗರದ ಫ್ರೀ ವಿಶ್ವವಿದ್ಯಾನಿಲಯದಲ್ಲಿ ಫಿಷರ್-ಟೆನ್‌ಹಾಗೆನ್ ಮತ್ತು ಸಂಗಡಿಗರು ಇದಕ್ಕಾಗಿ ವಿಶೇಷವಾದ ಹಲಗೆಯೊಂದನ್ನು ಏರ್ಪಡಿಸಿ ನಾಯಿಗಳಿಗೆ ತರಬೇತು ಕೊಟ್ಟ ವಿವರವನ್ನು ಪ್ರಕಟಿಸಿದರು.

ದಕ್ಷಿಣದೇಶವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾನಿಲಯದಲ್ಲಿ ಅರ್ಚುನನ್ ಅವರೂ ಅವರ ಶಿಷ್ಯರೂ ಬೆದೆಗೆ ಬಂದ ಹಸುಗಳ ಗಂಜಲವನ್ನು ಪೃಥಕ್ಕರಿಸಿ, ಬೆದೆಯ ಕಾಲದಲ್ಲಿ ಮಾತ್ರ ಕಾಣುವ ಕೆಲವು ರಾಸಾಯನಿಕ ವಸ್ತುಗಳನ್ನು ೨೦೦೦ ದಲ್ಲಿಯೂ, ಸಗಣಿಯಲ್ಲಿರುವ ಅಂಥ ವಸ್ತುಗಳನ್ನು ೨೦೦೮ ರಲ್ಲಿಯೂ ವರದಿ ಮಾಡಿದರು. ಆದುದರಿಂದ ಬೆದೆಗೆ ಒಂದು ವಾಸನೆಯಿರುವುದೆಂಬುದು ದನಗಾಹಿಗಳ ಊಹೆ ಮಾತ್ರವಲ್ಲ. ಪರಿಶೋಧನಾಲಯದಲ್ಲಿ ಸಿದ್ಧವಾದ ಸಂಗತಿ.

ನಾಯಿಯ ಮೂಗಿನ ಶಕ್ತಿಯನ್ನು ಗುಂಡ್ಲುಪೇಟೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ೨೦೧೯ ರ ಅಕ್ಟೋಬರ್ ತಿಂಗಳಲ್ಲಿ ಚೌಡಹಳ್ಳಿಯ ಆಸುಪಾಸಿನಲ್ಲಿ ಇಬ್ಬರು ರೈತರನ್ನು ಕೊಂದ ಹುಲಿಯನ್ನು ಸೆರೆಹಿಡಿದ ಕಾರ್ಯದಲ್ಲಿ, ಬಂಡೀಪುರದ ಅರಣ್ಯಾಧಿಕಾರಿಗಳ ವಶದಲ್ಲಿದ್ದ ರಾಣಾ ಎಂಬ ಜರ್ಮನ್ ಷೆಫರ್ಡ್ ನಾಯಿಯು ಜಾಡು ಹಿಡಿದು ನೆರವಾಯಿತು. ಹುಲಿಯ ಜಾಡನ್ನು ಹಿಡಿದ ಜಾತಿಯು ಹಸುವಿನ ಬೆದೆಯನ್ನು ಹಿಡಿಯಲಾರದೆಂದು ಹೇಳುವುದಕ್ಕೆ ಕಾರಣವಿಲ್ಲ. ನಮ್ಮ ನಾಡಿನ ಹೆಸರುವಾಸಿಯಾದ ಮುಧೋಳದ ನಾಯಿಯು ಮುಖ್ಯವಾಗಿ ಕಣ್ಣಿನಿಂದ ಬೇಟೆಯಾಡುವ ತಳಿಯಾದುದರಿಂದ ಈ ಕೆಲಸಕ್ಕೆ ಅದನ್ನೇ ಆರಿಸಬೇಕೆಂಬ ನಿರ್ಬಂಧವಿಲ್ಲ. ಆಹಾರದಲ್ಲಿ ಆಸೆಯೂ, ಮನುಷ್ಯನಲ್ಲಿ ಸ್ನೇಹವೂ, ದನಗಳ ನಡುವೆ ಶಾಂತಸ್ವಭಾವವೂ ಇರುವ ನಾಯಿಯೇ ಇದಕ್ಕೆ ತಕ್ಕದ್ದು.

ಕಲಿಸುವ ಬಗೆ

ಕಲಿಸುವ ಕ್ರಮವು ಗಹನವಾದುದಲ್ಲ, ಆದರೆ ಬಹಳ ಎಚ್ಚರಿಕೆಯನ್ನು ಬೇಡುವುದು. ಮೊದಲನೆಯದಾಗಿ, ಮಾದರಿಗಳನ್ನು ಒಂದೇ ಹಸುವಿನಿಂದ ತೆಗೆಯಬಾರದು. ಹಾಗೆ ಮಾಡಿದರೆ ನಾಯಿಯು ಬೆದೆಯ ವಾಸನೆಯನ್ನು ಬಿಟ್ಟು ಆ ಹಸುವಿನ ಸ್ವಂತ ವಾಸನೆಯನ್ನು ಕಲಿಯುವುದು. ಅನೇಕ ಹಸುಗಳಿಂದ, ಪ್ರತಿಯೊಂದರಲ್ಲಿಯೂ ಬೆದೆಯ ದಿನ ಮತ್ತು ಬೆದೆಯಿಲ್ಲದ ದಿನಗಳೆರಡರಲ್ಲಿಯೂ ಮಾದರಿಗಳನ್ನು ತೆಗೆಯತಕ್ಕದ್ದು. ಎರಡನೆಯದಾಗಿ, ಒಂದೇ ಬಗೆಯ ಶುದ್ಧವಾದ ಗಾಜಿನ ಸೀಸೆಗಳನ್ನು ಉಪಯೋಗಿಸಿ, ಒಬ್ಬರೇ ಎಲ್ಲವನ್ನೂ ತುಂಬಬೇಕು. ಇಲ್ಲವಾದರೆ ನಾಯಿಯು ಸೀಸೆಯ ಅಥವಾ ಕೈಯ ವಾಸನೆಯನ್ನು ಹಿಡಿದು ಸರಿಯಾಗಿ ಉತ್ತರಿಸಿದಂತೆ ತೋರುವುದು.

ಮೂರನೆಯದು ಎಲ್ಲಕ್ಕಿಂತಲೂ ಮುಖ್ಯ. ಯಾವ ಸೀಸೆಯಲ್ಲಿ ಬೆದೆಯ ಮಾದರಿಯಿದೆಯೆಂಬುದು ನಾಯಿಯನ್ನು ನಡೆಸುವವನಿಗೆ ತಿಳಿದಿರಕೂಡದು. ಹಿಂದೆ ಬರ್ಲಿನ್ ನಗರದಲ್ಲಿ ಹಾನ್ಸ್ ಎಂಬ ಕುದುರೆಯೊಂದು ಕಾಲಿನಿಂದ ನೆಲವನ್ನು ತಟ್ಟಿ ಗಣಿತದ ಲೆಕ್ಕಗಳಿಗೆ ಉತ್ತರ ಹೇಳುವುದೆಂದು ದೊಡ್ಡ ಹೆಸರಾಗಿದ್ದಿತು. ೧೯೦೭ ರಲ್ಲಿ ಫುಂಗ್ಸ್ಟ್ ಎಂಬ ಪಂಡಿತನು ಪರೀಕ್ಷಿಸಲಾಗಿ, ಕುದುರೆಗೆ ಲೆಕ್ಕವೇ ಬಾರದೆಂದೂ, ಎದುರಿಗೆ ನಿಂತವನ ಮುಖ ಮತ್ತು ಮೈಯ ಸಣ್ಣ ಚಲನೆಯನ್ನು ನೋಡಿ ಅದು ತಟ್ಟುವುದನ್ನು ನಿಲ್ಲಿಸುತ್ತಿದ್ದಿತೆಂದೂ ತಿಳಿದುಬಂದಿತು. ನಾಯಿಯು ಮನುಷ್ಯನ ಮುಖವನ್ನು ಓದುವುದರಲ್ಲಿ ಕುದುರೆಗಿಂತಲೂ ಜಾಣತನವುಳ್ಳದ್ದು. ಒಡೆಯನು ಮನಸ್ಸಿನಲ್ಲಿ ಅಂದುಕೊಂಡ ಹಸುವನ್ನೇ ಅದು ತೋರಿಸಿದರೆ, ಬೆದೆಯನ್ನು ಹಿಡಿದಂತಾಗಲಿಲ್ಲ, ಒಡೆಯನನ್ನು ಹಿಡಿದಂತಾಯಿತು.

ಲೆಕ್ಕವು ಹೇಳುವ ಮಾತು

ನಾಯಿಗೆ ಸಾಮರ್ಥ್ಯವಿದೆಯೆಂದು ಒಪ್ಪಿದ ಮಾತ್ರಕ್ಕೆ ಅದನ್ನು ನಾಳೆಯೇ ಹಳ್ಳಿಗೆ ತರಬೇಕೆಂದು ಹೇಳಲಾಗದು. ೧೯೭೮ ರಿಂದ ಇಲ್ಲಿಯವರೆಗೆ ಇಷ್ಟು ವರ್ಷಗಳು ಕಳೆದರೂ ಈ ವಿಧಾನವು ಹೊರದೇಶಗಳ ಡೇರಿಗಳಲ್ಲಿ ಬಳಕೆಗೆ ಬರಲಿಲ್ಲ. ದೊಡ್ಡ ಫಾರಂಗಳವರು ಹಸುವಿನ ಕಾಲಿಗೆ ಅಥವಾ ಕೊರಳಿಗೆ ಕಟ್ಟುವ, ನಡೆದಾಟವನ್ನು ಎಣಿಸುವ ಯಂತ್ರಗಳನ್ನು ಆರಿಸಿಕೊಂಡರು. ಬೆದೆಯ ದಿನ ಹಸುವಿನ ನಡೆದಾಟವು ಹೆಚ್ಚುವುದೆಂಬುದನ್ನು ಗುರುತಿನ ಸಾಧನವಾಗಿ ಮಾಡಬಹುದೆಂದು ೧೯೭೭ ರಲ್ಲಿ ಬರೆದವನೂ ಅದೇ ಕಿಡ್ಡಿ ಎಂಬುದು ವಿಶೇಷ. ಯಂತ್ರಕ್ಕೆ ಊಟ ಬೇಡ, ನಿದ್ರೆ ಬೇಡ, ನಡೆಸುವವನು ಬೇಡ. ಆದರೆ ಗೂಟಕ್ಕೆ ಕಟ್ಟಿದ ಹಸುವು ನಡೆಯುವುದೇ ಇಲ್ಲವಾದುದರಿಂದ ಒಂದು ಹಸುವಿನ ಒಡೆಯನಿಗೆ ಆ ಯಂತ್ರದಿಂದ ಬರುವ ಪ್ರಯೋಜನವು ಸ್ವಲ್ಪವೇ.

ನಾಯಿಯ ವಿಷಯದಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು. ಒಂದು ಹಳ್ಳಿಯ ಹಾಲಿನ ಸಂಘಕ್ಕೆ ಸೇರಿದ ಹಸುಗಳಲ್ಲಿ ಗಬ್ಬವಾಗದೆ, ಬೆದೆಗೆ ಬರುತ್ತಿರುವ ಹಸುಗಳು ೪೦ ಎಂದಿಟ್ಟುಕೊಳ್ಳೋಣ. ೨೧ ದಿನಗಳಿಗೊಮ್ಮೆ ಬೆದೆಯಾದರೆ, ಯಾವುದೇ ಒಂದು ದಿನ ಬೆದೆಯಲ್ಲಿರತಕ್ಕವು ಸುಮಾರು ಎರಡು ಮಾತ್ರ. ಉಳಿದ ೩೮ ಬೆದೆಯಲ್ಲಿಲ್ಲ. ನಾಯಿಯು ನೂರಕ್ಕೆ ೮೦ ಸಲ ಸರಿಯಾಗಿ ಹೇಳುವಂಥದೆಂದು ಭಾವಿಸೋಣ. ಬೆದೆಯಲ್ಲಿರುವ ಎರಡರಲ್ಲಿ ಒಂದನ್ನೋ ಎರಡನ್ನೋ ಅದು ಹಿಡಿಯುವುದು. ಬೆದೆಯಲ್ಲಿಲ್ಲದ ೩೮ ರಲ್ಲಿ ನೂರಕ್ಕೆ ಇಪ್ಪತ್ತರಂತೆ ಏಳೆಂಟನ್ನು ತಪ್ಪಾಗಿ ಬೆದೆಯೆಂದು ತೋರಿಸುವುದು. ಎಂದರೆ ಆ ದಿನ ನಾಯಿಯು ತೋರಿಸಿದ ಒಂಬತ್ತು ಹಸುಗಳಲ್ಲಿ ಏಳೆಂಟು ಸುಳ್ಳು. ನೂರಕ್ಕೆ ಎಂಬತ್ತು ಸರಿಯೆಂಬ ಮಾತು ಕೇಳುವುದಕ್ಕೆ ಬಹಳ ಇಂಪಾಗಿದ್ದರೂ, ಕೊಟ್ಟಿಗೆಯ ಬಾಗಿಲಿನಲ್ಲಿ ಅದರ ಬೆಲೆ ಇಷ್ಟೇ. ಬೆದೆಯಿಲ್ಲದ ಹಸುವಿಗೆ ಗರ್ಭಧಾರಣೆ ಮಾಡಿಸಿದರೆ ವೀರ್ಯವೂ ಶ್ರಮವೂ ವ್ಯರ್ಥ. ಈಗಾಗಲೇ ಗಬ್ಬವಾಗಿರುವ ಹಸುವಿಗೆ ಅರಿಯದೆ ಮಾಡಿಸಿದರೆ ಗರ್ಭವೇ ಕೆಡುವ ಭಯವುಂಟು.

ಇದೇ ನಾಯಿಯನ್ನು ದಿನಾಂಕದ ಪಟ್ಟಿಯೊಡನೆ ಉಪಯೋಗಿಸಿದರೆ ಫಲವು ಬೇರೆಯಾಗುವುದು. ಪ್ರತಿ ಹಸುವಿನ ಹಿಂದಿನ ಬೆದೆಯ ದಿನವನ್ನು ಬರೆದಿಟ್ಟುಕೊಂಡು, ೧೮ ರಿಂದ ೨೪ ನೆಯ ದಿನದೊಳಗಿರುವ ಹಸುಗಳನ್ನು ಮಾತ್ರ ನಾಯಿಗೆ ತೋರಿಸಿದರೆ, ಆ ೪೦ ರಲ್ಲಿ ಒಂದು ದಿನಕ್ಕೆ ಪರೀಕ್ಷೆಗೆ ಬರುವುವು ಸುಮಾರು ೧೩. ಅವುಗಳಲ್ಲಿ ನಿಜವಾದ ಬೆದೆಯುಳ್ಳವು ಎರಡು, ಇಲ್ಲದವು ಹನ್ನೊಂದು. ಈಗ ನಾಯಿಯು ತಪ್ಪಾಗಿ ತೋರಿಸುವುದು ಎರಡನ್ನು ಮಾತ್ರ. ಸುಳ್ಳು ಏಳೆಂಟರಿಂದ ಎರಡಕ್ಕೆ ಇಳಿಯಿತು. ಇಳಿಸಿದುದು ನಾಯಿಯಲ್ಲ, ಗೋಡೆಯ ಮೇಲಿನ ಪಂಚಾಂಗ.

ಇದರಿಂದ ಎರಡು ಮಾತುಗಳು ಸ್ಪಷ್ಟವಾಗುವುವು. ಪಟ್ಟಿಯಿಲ್ಲದ ನಾಯಿಯು ರೈತನನ್ನು ಮೋಸಗೊಳಿಸುವುದು. ಪಟ್ಟಿಯಾದರೋ ನಾಯಿಯಿಲ್ಲದಿದ್ದರೂ ರೈತನಿಗೆ ಬಹಳಷ್ಟು ಉಪಕಾರ ಮಾಡುವುದು.

ನಾಯಿಯಿಂದ ಬರಬಹುದಾದ ಅಪಾಯಗಳು

ಹಸುಗಳ ನಡುವೆ ನಾಯಿಯನ್ನು ತರುವಾಗ ರೋಗಗಳ ವಿಷಯವನ್ನು ಮರೆಯಲಾಗದು. ಹುಚ್ಚುನಾಯಿ ರೋಗದ ಲಸಿಕೆಯು ವರ್ಷವರ್ಷವೂ ತಪ್ಪದೆ ಆಗಬೇಕೆಂಬುದನ್ನು ಎಲ್ಲರೂ ಬಲ್ಲರು. ಅಷ್ಟಾಗಿ ತಿಳಿಯದಿರುವುದು ನಿಯೋಸ್ಪೋರ ಎಂಬ ಸೂಕ್ಷ್ಮಜೀವಿಯ ವಿಷಯ. ಇದು ನಾಯಿಯ ಕರುಳಿನಲ್ಲಿ ಬೆಳೆದು, ಮಲದ ಮೂಲಕ ಮೇವಿಗೂ ನೀರಿಗೂ ಸೇರಿ, ಹಸುವಿನ ಹೊಟ್ಟೆಯನ್ನು ಹೊಕ್ಕು ಗರ್ಭಪಾತವನ್ನುಂಟುಮಾಡುವುದು. ಕರು ಹಾಕಿದ ಹಸುವಿನ ಸತ್ತೆಯನ್ನೂ, ಸತ್ತುಬಿದ್ದ ಕರುವನ್ನೂ ತಿಂದ ನಾಯಿಗೆ ಇದು ಅಂಟುವುದು. ಹಸುವನ್ನು ಗಬ್ಬವಾಗಿಸುವುದಕ್ಕೆ ತಂದ ನಾಯಿಯೇ ಗಬ್ಬವನ್ನು ಕೆಡಿಸುವ ದಾರಿಯಾದರೆ ಅದಕ್ಕಿಂತ ವಿಪರೀತವಿಲ್ಲ. ಆದುದರಿಂದ ನಾಯಿಯು ಬರಲಿ ಬಾರದಿರಲಿ, ಸತ್ತೆಯನ್ನು ಬಯಲಿಗೆಸೆಯುವ ಪದ್ಧತಿಯನ್ನು ಬಿಟ್ಟು ಆಳವಾಗಿ ಹೂಳುವುದನ್ನು ಎಲ್ಲ ಮನೆಯವರೂ ಇಂದಿನಿಂದಲೇ ರೂಢಿಮಾಡತಕ್ಕದ್ದು. ಕಾಡಂಚಿನ ಊರುಗಳಲ್ಲಿ ನಾಯಿಯು ಚಿರತೆಗೆ ಪ್ರಿಯವಾದ ಆಹಾರವೆಂಬುದೂ ನೆನಪಿನಲ್ಲಿರಬೇಕು. ತಿಂಗಳುಗಟ್ಟಲೆ ಪಳಗಿಸಿದ ನಾಯಿಯನ್ನು ರಾತ್ರಿ ಹೊರಗೆ ಕಟ್ಟುವಂತಿಲ್ಲ.

ಮಾಡಬೇಕಾದುದೇನು?

ಮೇಲ್ಕಂಡ ಸಂಗತಿಗಳನ್ನೆಲ್ಲ ತೂಗಿ ನೋಡಿದರೆ, ಮನೆಗೊಂದು ಬೆದೆನಾಯಿಯೆಂಬುದು ಹಗಲುಗನಸಾದರೂ, ಹಳ್ಳಿಯ ಸಂಘಕ್ಕೊಂದು ನಾಯಿಯೆಂಬುದನ್ನು ಒಮ್ಮೆ ಪರೀಕ್ಷಿಸಿ ನೋಡದೆ ತಳ್ಳಿಹಾಕುವುದು ಸರಿಯಲ್ಲವೆಂದು ತೋರುವುದು. ಹೊರದೇಶದ ಫಾರಂಗಳಲ್ಲಿ ಇಲ್ಲದ ಒಂದು ಅನುಕೂಲವು ಇಲ್ಲಿದೆ. ಪ್ರತಿ ದಿನವೂ ಬೆಳಿಗ್ಗೆ ಮತ್ತು ಸಂಜೆ, ಊರಿನ ಕರೆಯುವ ಹಸುಗಳ ಹಾಲೆಲ್ಲ ತಾನಾಗಿಯೇ ಒಂದು ಬಾಗಿಲಿಗೆ ಬರುವುದು. ಹಾಲಿನಲ್ಲಿ ಬೆದೆಯ ವಾಸನೆಯಿರುವುದು ನಿಜವಾದರೆ, ನಾಯಿಯು ಮನೆಮನೆಗೆ ಅಲೆಯಬೇಕಾಗಿಲ್ಲ. ಪ್ರತಿ ಹಸುವಿನ ಹಾಲನ್ನೂ ಬೇರೆಬೇರೆಯಾಗಿ ಒಂದೊಂದು ಚಿಕ್ಕ ಸೀಸೆಯಲ್ಲಿ ಹಿಡಿದು, ಹಾಲು ಅಳೆಯುವ ಸ್ಥಳದಿಂದ ದೂರದ ಬೇರೊಂದು ಕೋಣೆಯಲ್ಲಿ ನಾಯಿಗೆ ತೋರಿಸಬಹುದು. ಮಾರುವ ಹಾಲಿನ ಹತ್ತಿರಕ್ಕೆ ನಾಯಿಯು ಸುಳಿಯಲೇಕೂಡದು. ಬೆಳಿಗ್ಗೆ ಗುರುತಾದ ಹಸುವಿಗೆ ಸಂಜೆಯೊಳಗೆ ತಜ್ಞನನ್ನು ಕರೆಸುವುದಕ್ಕೆ ಸಾಕಷ್ಟು ಕಾಲವೂ ಸಿಕ್ಕುವುದು.

ಗುಂಡ್ಲುಪೇಟೆ ತಾಲ್ಲೂಕಿನ ಒಂದು, ಚಾಮರಾಜನಗರ ತಾಲ್ಲೂಕಿನ ಒಂದು, ಹೀಗೆ ಎರಡೇ ಸಂಘಗಳಲ್ಲಿ ಒಂದು ವರ್ಷ ಇದನ್ನು ನಡೆಸಿದರೆ ಸಾಕು. ನಾಯಿಯ ಉತ್ತರವನ್ನು ನಾಯಿಯನ್ನು ಬಲ್ಲದವರು ಪರೀಕ್ಷಿಸಬೇಕು. ಹಾಲಿನಲ್ಲಿರುವ ಪ್ರೊಜೆಸ್ಟಿರೋನ್ ಎಂಬ ರಸವು ಬೆದೆಯ ದಿನ ತೀರ ಕಡಿಮೆಯಾಗಿದ್ದು, ಚಕ್ರದ ನಡುಭಾಗದಲ್ಲಿಯೂ ಗಬ್ಬದಲ್ಲಿಯೂ ಹೆಚ್ಚಾಗಿರುವುದರಿಂದ, ಅದೇ ಸೀಸೆಯ ಹಾಲನ್ನು ಪರಿಶೋಧನಾಲಯಕ್ಕೆ ಕಳುಹಿಸಿ ನಾಯಿಯ ಮಾತನ್ನು ಅಳೆಯಬಹುದು. ವಾಸನೆಯು ಬೆದೆಯ ಎಷ್ಟು ಗಂಟೆಗಳ ಮುಂಚೆ ಹುಟ್ಟಿ ಎಷ್ಟು ಗಂಟೆಗಳ ಮೇಲೆ ಅಳಿಯುವುದೆಂಬುದನ್ನೂ ನಮ್ಮ ಹಸುಗಳಲ್ಲಿಯೇ ನೋಡತಕ್ಕದ್ದು. ನಾಯಿಯು ದಿನವನ್ನು ಹೇಳಿದರೂ ಗಂಟೆಯನ್ನು ಹೇಳಲಾರದೆ ಹೋದರೆ ಪ್ರಯೋಜನವು ಅರ್ಧವಾಗುವುದು. ಫಲವು ಚೆನ್ನಾಗಿ ಬಂದರೆ ವಿಸ್ತರಿಸಬಹುದು. ಬಾರದಿದ್ದರೆ ನಾಚಿಕೆಪಡಬೇಕಾದುದಿಲ್ಲ, ಬಾರಲಿಲ್ಲವೆಂದು ಪ್ರಕಟಿಸಿಬಿಡಬೇಕು.

ಆದರೆ ನಾಯಿಯು ಬರುವವರೆಗೆ ಹಸುವು ಕಾಯುವುದಿಲ್ಲ. ಈ ವಾರವೇ ಬೆದೆಗೆ ಬರತಕ್ಕ ಹಸುಗಳು ಪ್ರತಿಯೊಂದು ಬೀದಿಯಲ್ಲಿಯೂ ಇವೆ. ಅವುಗಳಿಗಾಗಿ ಮಾಡಬೇಕಾದುದು ಇಷ್ಟೇ. ಬೆಳಿಗ್ಗೆ ಹಾಲು ಕರೆಯುವುದಕ್ಕೆ ಮುಂಚೆ ಮತ್ತು ರಾತ್ರಿ ಮಲಗುವುದಕ್ಕೆ ಮುಂಚೆ, ಪ್ರತಿ ಸಲವೂ ಕಾಲು ಗಂಟೆ, ಬೇರೆ ಯಾವ ಕೆಲಸವನ್ನೂ ಮಾಡದೆ ಹಸುವನ್ನು ನೋಡತಕ್ಕದ್ದು. ಹಸು ಮಲಗಿದ್ದಾಗ ಅದರ ಹಿಂದಿನ ನೆಲವನ್ನು ನೋಡಿದರೆ ಲೋಳೆಯು ಬಿದ್ದಿರುವುದು ಕಾಣುವುದು. ಹಗಲು ಒಂದು ಗಂಟೆಯಾದರೂ ನೆರೆಮನೆಯ ಹಸುವಿನೊಡನೆ ಬಯಲಿನಲ್ಲಿ ಬಿಟ್ಟರೆ ಹಾರುವ ಗುರುತು ಸಿಕ್ಕುವುದು. ಬೆದೆಯ ದಿನವನ್ನು ಪಂಚಾಂಗದಲ್ಲಿ ಗುರುತುಹಾಕಿ, ಅಲ್ಲಿಂದ ೧೮ ನೆಯ ದಿನಕ್ಕೆ ಮತ್ತೊಂದು ಗುರುತನ್ನು ಹಾಕಿಡಬೇಕು. ಹಸುವಿನ ಬಾಲದಲ್ಲಿ ರಕ್ತದ ಕಲೆ ಕಂಡರೆ ಅನೇಕರು ಅದನ್ನೇ ಬೆದೆಯೆಂದು ತಿಳಿದು ಓಡಿಬರುವರು. ಅದು ಬೆದೆಯು ಕಳೆದ ಎರಡು ಮೂರು ದಿನಗಳ ಮೇಲೆ ಕಾಣುವ ಗುರುತು. ಆಗ ಗರ್ಭಧಾರಣೆಯು ನಿಷ್ಫಲ, ಆದರೆ ಆ ದಿನವನ್ನು ಬರೆದಿಟ್ಟರೆ ಮುಂದಿನ ಬೆದೆಯು ಸುಮಾರು ಹದಿನೆಂಟು ಹತ್ತೊಂಬತ್ತು ದಿನಗಳಿಗೆ ಬರುವುದೆಂದು ನಿರೀಕ್ಷಿಸಬಹುದು. ಕರು ಹಾಕಿ ಅರವತ್ತು ದಿನಗಳಾದರೂ ಬೆದೆಯ ಗುರುತೇ ಕಾಣದಿದ್ದರೆ ಗೊಡ್ಡೆಂದು ನಿಶ್ಚಯಿಸದೆ, ಸಂತೆಗೆ ಹೊಡೆಯದೆ, ಮೊದಲು ಪಶುವೈದ್ಯರಿಗೆ ತೋರಿಸತಕ್ಕದ್ದು.

ಕೊನೆಯದಾಗಿ ಒಂದು ಮಾತು. ಈ ಸೀಮೆಯಲ್ಲಿ ಹಸುವಿಗೆ ಮೇವು ಹಾಕುವವಳು, ಕೊಟ್ಟಿಗೆ ಗುಡಿಸುವವಳು, ಹಾಲು ಕರೆಯುವವಳು ಮನೆಯ ಹೆಂಗಸು. ಹಸುವು ಎಂದಿನಂತೆ ಸೊರೆಬಿಡಲಿಲ್ಲವೆಂಬುದೂ, ನಿನ್ನೆಯಿಂದ ಕಣ್ಣು ಚಂಚಲವಾಗಿದೆಯೆಂಬುದೂ ಮೊದಲು ತಿಳಿಯುವುದು ಅವಳಿಗೇ. ಆದರೆ ಬೆದೆಯ ವಿಷಯದಲ್ಲಿ ತಿಳಿವಳಿಕೆ ಕೊಡುವ ಸಭೆಗಳಿಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರು ಗಂಡಸರು. ಸಂಕೋಚದಿಂದ ಹೆಂಗಸರು ಆ ಮಾತನ್ನಾಡುವುದಿಲ್ಲ, ಸಭೆ ನಡೆಸುವವರು ಅವರನ್ನು ಕೇಳುವುದಿಲ್ಲ. ಹೊರದೇಶದ ನಾಯಿಗೆ ಹೇಗೆ ಕಲಿಸಬೇಕೆಂದು ಇಷ್ಟೊಂದು ಯೋಚಿಸುವ ನಾವು, ಹಸುವಿನ ಬಳಿಯಲ್ಲಿಯೇ ದಿನಕ್ಕೆ ನಾಲ್ಕು ಸಲ ನಿಲ್ಲುವ ಹೆಣ್ಣುಮಗಳಿಗೆ ಒಂದು ದಿನದ ಶಿಕ್ಷಣವನ್ನೂ, ಒಂದು ಪಂಚಾಂಗವನ್ನೂ, ತಜ್ಞನನ್ನು ತಾನೇ ಕರೆಸುವ ಅಧಿಕಾರವನ್ನೂ ಕೊಟ್ಟು ನೋಡಿದ್ದೇವೆಯೇ? ಪ್ರತಿ ಸಂಘವೂ ಮೊದಲು ಇದನ್ನು ಮಾಡಲಿ. ಆ ಮೇಲೆಯೂ ತಪ್ಪಿಹೋಗುವ ಬೆದೆಗಳಿಗಾಗಿ ನಾಯಿಯ ಮೂಗನ್ನು ಕರೆಯುವುದು ಯೋಗ್ಯವಾಗಿರುವುದು.